ಒಂದು ರೆಫರಲ್ ಚೀಟಿಗೆ ಎಂಟು ತಿಂಗಳು

ನಾನು ಸೆಕೆಂಡ್ ಇಯರ್, ಊರು ಬಾಗಲಕೋಟೆ ಹತ್ತಿರದ ಬೇವೂರು. ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ, ಹಾಗಾಗಿ ಕನ್ನಡದಲ್ಲಿ ಇಷ್ಟುದ್ದ ಬರೀತಿರೋದು ಇದೇ ಮೊದಲು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಕ್ಲಬ್‌ನವರು ಟೆಕ್ನಿಕಲ್ ವಿಷಯ ಏನಾದ್ರೂ ಬರಿ ಅಂದ್ರು. ಆದರೆ ಹೋದ ವರ್ಷದಿಂದ ನನ್ನ ತಲೆಯಲ್ಲಿ ಓಡ್ತಿರೋದು ಒಂದೇ ವಿಷಯ, ನಮ್ಮ ಚಿಗವ್ವನ ರೆಫರಲ್ ಚೀಟಿ. ಅದರ ಬಗ್ಗೆನೇ ಬರೀತೀನಿ. ಚಿಗವ್ವನ್ನ ಕೇಳಿಯೇ ಬರೀತಿದ್ದೀನಿ. "ಹೆಸರು ಹಾಕಬ್ಯಾಡ, ಉಳಿದದ್ದು ಎಲ್ಲಾ ಬರಿ, ಯಾರಿಗಾರ ಉಪಯೋಗ ಆಗ್ಲಿ" ಅಂದಳು.

ಚಿಗವ್ವನಿಗೆ 41 ವರ್ಷ. ಮನೆಯಲ್ಲೇ ಹೊಲಿಗೆ ಮಷೀನ್ ಇಟ್ಟುಕೊಂಡಿದ್ದಾಳೆ, ಬ್ಲೌಸ್ ಹೊಲಿಯೋದು, ಇಳಕಲ್ ಸೀರೆಗೆ ಫಾಲ್ ಹಚ್ಚೋದು, ಕುಚ್ಚು ಕಟ್ಟೋದು ಅವಳ ಕೆಲಸ. ಎತ್ತರ 152 ಸೆಂಟಿಮೀಟರ್. ಹೋದ ಜುಲೈನಲ್ಲಿ ತೂಕ 94 ಕೆಜಿ ಇತ್ತು. ಶುಗರ್ ಇದೆ, ಮೊಣಕಾಲು ನೋವು ಇದೆ. ರಾತ್ರಿ ಗೊರಕೆ ಹೊಡೀತಾ ಹೊಡೀತಾ ಒಮ್ಮೆಲೆ ಉಸಿರು ನಿಂತಂಗ ಆಗುತ್ತೆ, ಆಮೇಲೆ ಗಕ್ಕನೆ ಎಳಕೊಂಡು ಏಳ್ತಾಳೆ. ಕಾಕಾ ರಾತ್ರಿ ಎಚ್ಚರ ಇದ್ದು ಅವಳ ಉಸಿರು ಕೇಳಿಸಿಕೊಳ್ತಾ ಮಲಗೋದು ಅಭ್ಯಾಸ ಆಗಿಬಿಟ್ಟಿತ್ತು. ಹಗಲು ಮಷೀನ್ ಮುಂದೆ ಕೂತಲ್ಲೇ ತೂಕಡಿಕೆ. ಒಂದು ದಿನ ಹಾಗೇ ತೂಕಡಿಸಿ ಸೂಜಿ ಬೆರಳಿನೊಳಗೆ ಹೋಯ್ತು. ಆವತ್ತು ಕಾಕಾ ಹೆದರಿದ್ರು. ಯಾರೋ ಹುಬ್ಬಳ್ಳಿಯಲ್ಲಿ ತೂಕ ಇಳಿಸೋ ಆಪರೇಷನ್ ಮಾಡಿಸಿಕೊಂಡು ಚೆನ್ನಾಗಿದ್ದಾರೆ ಅಂತ ಕೇಳಿದ್ರು. ಮನೆಯಲ್ಲಿ ಆರು ವರ್ಷದಿಂದ ಕಟ್ಟುತ್ತಿರೋ ಹೆಲ್ತ್ ಇನ್ಶೂರೆನ್ಸ್ ಇತ್ತು. "ಡಾಕ್ಟರ್ ಹತ್ರ ಒಂದು ಚೀಟಿ ತಗೊಂಡ್ರೆ ಆಯ್ತು" ಅಂದುಕೊಂಡರು.

ಆ ಒಂದು ಚೀಟಿಗೆ ಆಷಾಢದಿಂದ ಹೋಳಿ ಹುಣ್ಣಿಮೆ ತನಕ ಹಿಡೀತು.

ಮೊದಲು, ಈ ಆಪರೇಷನ್ ಅಂದ್ರೆ ಏನು?

ಹೊಟ್ಟೆ ಕೊಯ್ದು ಕೊಬ್ಬು ತೆಗೆಯೋದು ಅಂತ ನಾನೂ ಅಂದುಕೊಂಡಿದ್ದೆ. ಅದು ಲೈಪೋಸಕ್ಷನ್, ಬೇರೆ ವಿಷಯ, ಚರ್ಮದ ಕೆಳಗಿನ ಕೊಬ್ಬು ಎಳೆಯೋದು. ತೂಕ ಇಳಿಸೋ ಸರ್ಜರಿಗೆ ಬೇರಿಯಾಟ್ರಿಕ್ ಸರ್ಜರಿ ಅಂತಾರೆ. ಇದರಲ್ಲಿ ಜಠರದ ಮೇಲೆ ಕೆಲಸ. ಹೆಚ್ಚಾಗಿ ಮಾಡೋದು ಎರಡು ಥರ. ಸ್ಲೀವ್ ಅನ್ನೋದರಲ್ಲಿ ಜಠರದ ಮುಕ್ಕಾಲು ಭಾಗಕ್ಕಿಂತ ಹೆಚ್ಚನ್ನು ತೆಗೆದು, ಉಳಿದದ್ದನ್ನ ಬಾಳೆಕಾಯಿ ಆಕಾರದ ಕೊಳವೆ ಮಾಡ್ತಾರೆ. ಬೈಪಾಸ್‌ನಲ್ಲಿ ಜಠರದ ಮೇಲ್ಭಾಗದಲ್ಲಿ ಸಣ್ಣ ಚೀಲ ಮಾಡಿ, ಅದನ್ನ ನೇರವಾಗಿ ಸಣ್ಣ ಕರುಳಿಗೆ ಜೋಡಿಸ್ತಾರೆ. ಎರಡೂ ಲ್ಯಾಪ್ರೋಸ್ಕೋಪಿಯಲ್ಲಿ, ಅಂದ್ರೆ ಸಣ್ಣ ಸಣ್ಣ ತೂತುಗಳ ಮೂಲಕ ಆಗುತ್ತೆ.

ಇದು ಬರೀ ಟ್ಯಾಂಕ್ ಸಣ್ಣದು ಮಾಡೋ ಪ್ಲಂಬಿಂಗ್ ಅಲ್ಲ. ಹಸಿವಿನ ಸಿಗ್ನಲ್ ಕಳಿಸೋ ಗ್ರೆಲಿನ್ ಅನ್ನೋ ಹಾರ್ಮೋನ್ ಮುಖ್ಯವಾಗಿ ಜಠರದಲ್ಲೇ ತಯಾರಾಗುತ್ತೆ. ಸ್ಲೀವ್‌ನಲ್ಲಿ ಅದು ತಯಾರಾಗೋ ಭಾಗವೇ ಬಹುಪಾಲು ಹೋಗುತ್ತೆ. ಕರುಳಿನ ಬೇರೆ ಹಾರ್ಮೋನ್‌ಗಳೂ ಬದಲಾಗ್ತವೆ. ಅದಕ್ಕೇ ಬಹಳ ಜನರಿಗೆ ತೂಕ ಪೂರ್ತಿ ಇಳಿಯೋ ಮುಂಚೆಯೇ ಶುಗರ್ ಹತೋಟಿಗೆ ಬರುತ್ತೆ. ಕಂಟ್ರೋಲ್ ಸಿಸ್ಟಮ್ಸ್ ಭಾಷೆಯಲ್ಲಿ ಹೇಳೋದಾದ್ರೆ, ಸೆಟ್ ಪಾಯಿಂಟ್ ಬದಲಾಗುತ್ತೆ. "ಬಾಯಿ ಕಟ್ಟಿದ್ರೆ ಸಾಕು" ಅನ್ನೋರಿಗೆ ಇದು ಗೊತ್ತಿರಬೇಕು. ಬಾಯಿ ಕಟ್ಟಿ ತೂಕ ಇಳಿಸಿದಾಗ ದೇಹ ಹಸಿವು ಹೆಚ್ಚಿಸಿ ಹಳೇ ತೂಕಕ್ಕೆ ವಾಪಸ್ ಎಳೆಯುತ್ತೆ. ಚಿಗವ್ವ ಮೂರು ಸಲ ಇಳಿಸಿದ್ದಳು, ಮೂರು ಸಲವೂ ಬಡ್ಡಿ ಸಮೇತ ವಾಪಸ್ ಬಂದಿತ್ತು.

ಹಾಗಂತ ಇದು ಮ್ಯಾಜಿಕ್ ಅಲ್ಲ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆಗಳನ್ನ ಜೀವನಪೂರ್ತಿ ತಗೋಬೇಕು, ರಕ್ತ ಪರೀಕ್ಷೆ ಮಾಡಿಸ್ತಾ ಇರಬೇಕು. ರಕ್ತಸ್ರಾವ, ಹೊಲಿಗೆ ಸೋರೋದು ಇಂಥ ಅಪಾಯಗಳು ಕಡಿಮೆ, ಆದರೆ ಇಲ್ಲ ಅಂತಿಲ್ಲ. ಮದುವೆಯಾದ ಹುಡುಗಿಯರಿಗೆ ಸರ್ಜರಿ ಆದ ಮೇಲೆ ಒಂದು ವರ್ಷದಿಂದ ಒಂದೂವರೆ ವರ್ಷ ಗರ್ಭ ಧರಿಸಬೇಡಿ ಅಂತಾರೆ. ಇದೆಲ್ಲ ತಿಳ್ಕೊಂಡು ತೀರ್ಮಾನ ಮಾಡಬೇಕಾದ ವಿಷಯ.

ಯಾರಿಗೆ ಮಾಡ್ತಾರೆ?

ಅಳತೆ ಬಿಎಂಐ. ತೂಕವನ್ನು ಕೆಜಿಯಲ್ಲಿ ತಗೊಂಡು, ಮೀಟರ್‌ನಲ್ಲಿ ಎತ್ತರದ ವರ್ಗದಿಂದ ಭಾಗಿಸಿ. ಚಿಗವ್ವನದು 94 ಭಾಗಿಸು 2.31, ಅಂದ್ರೆ 40.7.

1991ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಹಾಕಿದ ಗೆರೆ ಹೀಗಿತ್ತು: ಬಿಎಂಐ 40 ದಾಟಿದ್ರೆ, ಇಲ್ಲವೇ 35 ದಾಟಿ ಶುಗರ್, ಬಿಪಿ ಥರದ ತೊಂದರೆ ಇದ್ರೆ ಸರ್ಜರಿ ಯೋಚಿಸಬಹುದು. 2022ರಲ್ಲಿ ಅಂತರರಾಷ್ಟ್ರೀಯ ಸರ್ಜನ್‌ಗಳ ಸಂಘಟನೆಗಳು ಗೆರೆಯನ್ನ ಕೆಳಗೆ ತಂದವು. 35 ದಾಟಿದ್ರೆ ಬೇರೆ ಕಾಯಿಲೆ ಇರಲಿ ಬಿಡಲಿ ಸರ್ಜರಿ ಮಾಡಬಹುದು. ಏಷ್ಯಾದವರಿಗೆ ಇನ್ನೂ ಕೆಳಗೆ, 27.5ರಿಂದಲೇ ಯೋಚಿಸಬಹುದು ಅಂದರು, ಯಾಕಂದ್ರೆ ನಮಗೆ ಕಡಿಮೆ ತೂಕದಲ್ಲೇ ಶುಗರ್, ಹೃದಯದ ತೊಂದರೆ ಶುರುವಾಗುತ್ತೆ.

ಆದರೆ ಇನ್ಶೂರೆನ್ಸ್ ಕಂಪನಿ ನೋಡೋದು ಈ ಹೊಸ ಗೆರೆ ಅಲ್ಲ. ನಮ್ಮ ದೇಶದ ವಿಮಾ ನಿಯಂತ್ರಕ ಐಆರ್‌ಡಿಎಐ 2019ರಲ್ಲಿ ಎಲ್ಲ ಕಂಪನಿಗಳಿಗೂ ಒಂದೇ ಥರದ ವಾಕ್ಯ ಕೊಟ್ಟಿದೆ. ನಿಮ್ಮ ಮನೆಯ ಪಾಲಿಸಿ ಪುಸ್ತಕ ತೆಗೆದು ಎಕ್ಸ್‌ಕ್ಲೂಷನ್ 06 ನೋಡಿ. ಬೊಜ್ಜಿನ ಸರ್ಜರಿಗೆ ಹಣ ಕೊಡೋದಿಲ್ಲ, ಈ ನಾಲ್ಕೂ ಷರತ್ತು ಪೂರೈಸಿದರೆ ಮಾತ್ರ ಕೊಡ್ತೀವಿ ಅಂತ ಇರುತ್ತೆ:

1. ಸರ್ಜರಿ ಡಾಕ್ಟರ್ ಸಲಹೆ ಮೇಲೆ ಆಗಿರಬೇಕು.
2. ಆ ಸರ್ಜರಿಗೆ ವೈದ್ಯಕೀಯ ಪ್ರೋಟೋಕಾಲ್ ಆಧಾರ ಇರಬೇಕು.
3. ವಯಸ್ಸು 18 ಆಗಿರಬೇಕು.
4. ಬಿಎಂಐ 40 ಅಥವಾ ಹೆಚ್ಚು ಇರಬೇಕು. ಇಲ್ಲವೇ 35 ಅಥವಾ ಹೆಚ್ಚು ಇದ್ದು, ಬೇರೆ ವಿಧಾನಗಳಲ್ಲಿ ತೂಕ ಇಳಿಯದೆ, ಜೊತೆಗೆ ಹೃದಯದ ಕಾಯಿಲೆ, ತೀವ್ರ ಸ್ಲೀಪ್ ಅಪ್ನಿಯಾ, ಹತೋಟಿಗೆ ಬಾರದ ಟೈಪ್ 2 ಡಯಾಬಿಟಿಸ್, ಇವುಗಳಲ್ಲಿ ಒಂದಾದರೂ ಇರಬೇಕು.

ಈಗ ಮೊದಲ ಎರಡು ಷರತ್ತು ಮತ್ತೆ ಓದಿ. ಎರಡೂ ಕಾಗದದ ಮೇಲೆ ಇರಬೇಕಾದವು. ಡಾಕ್ಟರ್ ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಅದಕ್ಕೇ ಆ ಚೀಟಿಗೆ ಅಷ್ಟು ಬೆಲೆ.

ಒಂದು ವಿಷಯ ನನಗೆ ಇವತ್ತಿಗೂ ಹೊಟ್ಟೆ ಉರಿಸುತ್ತೆ. ಚಿಗವ್ವನ ಬಿಎಂಐ ಮೊದಲ ದಿನವೇ 40.7 ಇತ್ತು. ಅಂದ್ರೆ ಜುಲೈನಲ್ಲಿ ಮೊದಲ ಸಲ ಆಸ್ಪತ್ರೆ ಮೆಟ್ಟಿಲು ಹತ್ತಿದಾಗಲೇ ಅವಳು ಗೆರೆ ದಾಟಿದ್ದಳು. ಯಾರೂ ಭಾಗಾಕಾರ ಮಾಡಿರಲಿಲ್ಲ.

ಎಂಟು ತಿಂಗಳಲ್ಲಿ ಆದದ್ದೇನು

ಜುಲೈ: ಡಾಕ್ಟರ್ ನೋಡಿ, "ಆಪರೇಷನ್ ಎಲ್ಲಾ ಆಮ್ಯಾಲೆ, ಮೊದ್ಲ ಹತ್ತು ಕೆಜಿ ಇಳಿಸ್ಕೊಂಡ ಬರ್ರಿ" ಅಂದ್ರು. ಚೀಟಿಯಲ್ಲಿ ಬರೆದದ್ದು ಶುಗರ್ ಮಾತ್ರೆ ಮಾತ್ರ. ತೂಕ, ಎತ್ತರ, ಸಲಹೆ ಯಾವುದೂ ಇಲ್ಲ.

ಸೆಪ್ಟೆಂಬರ್: ಚಿಗವ್ವ ರೊಟ್ಟಿ ಅರ್ಧ ಮಾಡಿ, ಅನ್ನ ಬಿಟ್ಟು ಮೂರು ಕೆಜಿ ಇಳಿಸಿಕೊಂಡು ಹೋದಳು. ಡಾಕ್ಟರ್‌ಗೆ ವರ್ಗ ಆಗಿತ್ತು. ಹೊಸ ಡಾಕ್ಟರ್ ಮತ್ತೆ ಮೊದಲಿನಿಂದ ಕೇಳಿ, ರಕ್ತ ಪರೀಕ್ಷೆ ಬರೆದುಕೊಟ್ಟರು.

ಅಕ್ಟೋಬರ್, ನವೆಂಬರ್: ದಸರಾ, ದೀಪಾವಳಿ. ಹಬ್ಬದ ಸೀಸನ್ ಅಂದ್ರೆ ಹೊಲಿಗೆಯವರಿಗೆ ಕೈ ಬಿಡುವು ಇರಲ್ಲ. ಶಕ್ತಿ ಯೋಜನೆಯಿಂದ ಬಸ್ ಚಾರ್ಜ್ ಇಲ್ಲ, ಆದರೆ ಒಂದು ದಿನ ಆಸ್ಪತ್ರೆಗೆ ಹೋದ್ರೆ ಆ ದಿನದ ಗಳಿಕೆ ಹೋಗುತ್ತೆ. ಒಂದು ರಿಪೋರ್ಟ್ ಲ್ಯಾಬ್‌ನಲ್ಲೇ ಉಳೀತು, ಇನ್ನೊಂದು ಕಳೀತು, ಮತ್ತೆ ರಕ್ತ ಕೊಟ್ಟಳು.

ಡಿಸೆಂಬರ್: ಚೀಟಿ ಸಿಕ್ತು! ಅದರಲ್ಲಿ ಒಂದೇ ಸಾಲು: ಬೊಜ್ಜು ಇದೆ, ಅಭಿಪ್ರಾಯಕ್ಕಾಗಿ ಕಳಿಸಲಾಗಿದೆ. ಹುಬ್ಬಳ್ಳಿಗೆ ತಗೊಂಡು ಹೋದ್ರೆ, "ಇಷ್ಟರಲ್ಲಿ ಇನ್ಶೂರೆನ್ಸ್‌ಗೆ ಕಳಿಸಿದ್ರೆ ವಾಪಸ್ ಬರುತ್ತೆ, ವಿವರವಾಗಿ ಬರೆಸಿಕೊಂಡು ಬನ್ನಿ" ಅಂದ್ರು.

ಜನವರಿಯಲ್ಲಿ ಸೆಮಿಸ್ಟರ್ ರಜೆಗೆ ನಾನು ಊರಿಗೆ ಹೋದಾಗ ತೂಕ 98 ಆಗಿತ್ತು, ಬಿಎಂಐ 42.4. ಇಳಿಸಿದ ಮೂರು ಕೆಜಿ ವಾಪಸ್ ಬಂದು, ಮೇಲೆ ಇನ್ನೂ ನಾಲ್ಕು ಸೇರಿತ್ತು. ಚಿಗವ್ವ, "ಸಾಕ್ ಬಿಡಪಾ, ಅಷ್ಟ್ ಜನರ ಮುಂದ ತೂಕದ ಮಷೀನ್ ಹತ್ತಿ ನಿಂದ್ರೂದು ನನಗ ಸಾಕಾಗೇತಿ" ಅಂದಳು. ಬೆರಳಿನ ಸೂಜಿ ಗಾಯದ ಗುರುತು ಇನ್ನೂ ಇತ್ತು.

ತಡ ಯಾಕಾಗುತ್ತೆ?

ನನಗೆ ಮೊದಲು ಡಾಕ್ಟರ್ ಮೇಲೆ ಸಿಟ್ಟು ಬಂತು. ಆಮೇಲೆ ಒಂದು ದಿನ ಚಿಗವ್ವನ ಜೊತೆ ಓಪಿಡಿಯಲ್ಲಿ ಮೂರು ತಾಸು ಕೂತು ನೋಡಿದೆ. ಬಾಗಿಲಿಗೆ ಜನ ಮುತ್ತಿಕೊಂಡಿದ್ದಾರೆ. ಜ್ವರದ ಮಗು, ಹಾವು ಕಚ್ಚಿದವರು, ಬಿದ್ದು ಕೈ ಮುರಿದುಕೊಂಡವರು. ಒಬ್ಬರಿಗೆ ಎರಡು ಮೂರು ನಿಮಿಷ.

ಆಪರೇಟಿಂಗ್ ಸಿಸ್ಟಮ್ಸ್ ಕ್ಲಾಸ್‌ನಲ್ಲಿ ಪ್ರಯಾರಿಟಿ ಶೆಡ್ಯೂಲಿಂಗ್ ಓದಿದ್ದು ನೆನಪಾಯ್ತು. ಅರ್ಜೆಂಟ್ ಕೆಲಸಗಳು ಬರ್ತಾನೇ ಇದ್ರೆ, ಕಡಿಮೆ ಪ್ರಯಾರಿಟಿಯ ಕೆಲಸಕ್ಕೆ ಸಿಪಿಯು ಸಿಗೋದೇ ಇಲ್ಲ. ಅದಕ್ಕೆ ಸ್ಟಾರ್ವೇಶನ್ ಅಂತಾರೆ. ತೂಕದ ತೊಂದರೆ ಇವತ್ತು ಯಾರನ್ನೂ ಕೊಲ್ಲಲ್ಲ, ಹಾಗಾಗಿ ಪ್ರತಿ ಸಲ ಹಿಂದಕ್ಕೆ ಹೋಗುತ್ತೆ. ಪುಸ್ತಕದಲ್ಲಿ ಇದಕ್ಕೆ ಪರಿಹಾರ ಏಜಿಂಗ್, ಅಂದ್ರೆ ಎಷ್ಟು ಹೊತ್ತು ಕಾದಿದ್ದಾರೋ ಅಷ್ಟು ಪ್ರಯಾರಿಟಿ ಹೆಚ್ಚಿಸೋದು. ಓಪಿಡಿಯಲ್ಲಿ ಆ ಕೌಂಟರ್ ಯಾರೂ ಇಟ್ಟಿರಲ್ಲ. ಪ್ರತಿ ಭೇಟಿಯೂ ಸೊನ್ನೆಯಿಂದ ಶುರು.

ಇದರ ಜೊತೆಗೆ ಇನ್ನೂ ಮೂರು ಕಾರಣ ಇವೆ.

ಒಂದು, "ಮೊದಲು ಇಳಿಸಿಕೊಂಡು ಬನ್ನಿ" ಅನ್ನೋ ಮಾತು. ಇದು ಪೂರ್ತಿ ತಪ್ಪಲ್ಲ. ಸರ್ಜರಿಗೆ ಮುಂಚೆ ಎರಡು ವಾರದ ಹೊತ್ತು ಕಡಿಮೆ ಕ್ಯಾಲೊರಿಯ ಆಹಾರ ಕೊಟ್ಟು ಯಕೃತ್ತು ಕುಗ್ಗಿಸ್ತಾರೆ, ಸರ್ಜನ್‌ಗೆ ಜಾಗ ಸಿಗಲಿ ಅಂತ. ಆದರೆ ಅದು ಸರ್ಜನ್ ಹೇಳೋ ಮಾತು, ರೆಫರಲ್ ಆದ ಮೇಲೆ. ರೆಫರಲ್‌ಗೇ ಅದು ಷರತ್ತಾದ್ರೆ, ಈಜು ಕಲಿತ ಮೇಲೆ ನೀರಿಗಿಳಿ ಅಂದ ಹಾಗೆ.

ಎರಡು, ಬರೆದಿಡದೇ ಇರೋದು. ಚಿಗವ್ವ ಮೂರು ಸಲ ಡಯಟ್ ಮಾಡಿದ್ದಳು, ಒಂದು ಸಲವೂ ಎಲ್ಲೂ ದಾಖಲೆ ಇಲ್ಲ. ದಾಖಲೆ ಇಲ್ಲದ ಪ್ರಯತ್ನ ಇನ್ಶೂರೆನ್ಸ್ ಲೆಕ್ಕದಲ್ಲಿ ಪ್ರಯತ್ನವೇ ಅಲ್ಲ.

ಮೂರು, ನಾಚಿಕೆ. ದಪ್ಪಗಿರೋರು ಎರಡನೇ ಸಲ ಕೇಳಲ್ಲ. ತಪ್ಪು ತಮ್ಮದೇ ಅಂತ ಒಪ್ಪಿಕೊಂಡು ಎದ್ದು ಬರ್ತಾರೆ. ಇದು ನಮ್ಮ ಕ್ಯಾಂಪಸ್‌ನಲ್ಲೂ ಇದೆ. ಕ್ಲಾಸ್‌ನಲ್ಲಿ ಯಾರಿಗಾದ್ರೂ "ಡುಮ್ಮ" ಅಂತ ಹೆಸರಿಟ್ಟಿದ್ರೆ ಒಮ್ಮೆ ಯೋಚನೆ ಮಾಡಿ. ನಾನೂ ಇಟ್ಟಿದ್ದೆ.

ಬೇರೆ ದೇಶದಲ್ಲಿ ಎಲ್ಲಾ ಸರಿ ಇದೆ ಅಂತಲ್ಲ. ಇಂಗ್ಲೆಂಡ್‌ನಲ್ಲಿ ಸರ್ಕಾರಿ ಖರ್ಚಲ್ಲಿ ಈ ಸರ್ಜರಿ ಆಗುತ್ತೆ, ಆದರೆ ಮೊದಲು ಊರಿನ ಡಾಕ್ಟರ್, ಆಮೇಲೆ ತೂಕ ನಿರ್ವಹಣೆಯ ತಜ್ಞರ ತಂಡ, ಆಮೇಲೆ ಸರ್ಜನ್. ಅಲ್ಲೂ ಕ್ಯೂ ಇದೆ.

ನಾವು ಏನು ಮಾಡಿದ್ವಿ

ದೊಡ್ಡದೇನೂ ಮಾಡಲಿಲ್ಲ. ಒಂದು ಫೈಲ್ ಮಾಡಿದ್ವಿ, ಅಷ್ಟೇ.

ಮೊದಲು ಪಾಲಿಸಿ ಓದಿದೆ. ವೇಟಿಂಗ್ ಪೀರಿಯಡ್ ಮುಗಿದಿದೆಯಾ ನೋಡಿದೆ. ಪಾಲಿಸಿ ತಗೊಳ್ಳೋಕೆ ಮುಂಚೆಯೇ ಇದ್ದ ಕಾಯಿಲೆಗೆ ಕಂಪನಿಗಳು ಮೊದಲು 48 ತಿಂಗಳವರೆಗೆ ಕಾಯಿಸಬಹುದಿತ್ತು, 2024ರ ನಿಯಮದ ಪ್ರಕಾರ ಅದು ಗರಿಷ್ಠ 36 ತಿಂಗಳು. ನಮ್ಮದು ಮುಗಿದಿತ್ತು.

ಎರಡನೇದು, ಹಳೇ ದಾಖಲೆ. 2002ರ ವೈದ್ಯರ ನಡತೆ ನಿಯಮಾವಳಿ ಪ್ರಕಾರ ರೋಗಿ ತನ್ನ ದಾಖಲೆ ಕೇಳಿದ್ರೆ 72 ಗಂಟೆಯೊಳಗೆ ಕೊಡಬೇಕು. ನಾವು ನಿಯಮ ಹೇಳಿ ಜಗಳ ಮಾಡಲಿಲ್ಲ, ಒಂದು ಅರ್ಜಿ ಬರೆದುಕೊಟ್ವಿ. ಸಿಕ್ಕಿತು. ಲ್ಯಾಬ್‌ನಲ್ಲಿ ಉಳಿದಿದ್ದ ರಿಪೋರ್ಟೂ ಸಿಕ್ಕಿತು.

ಮೂರನೇದು, ಒಂದೇ ಪುಟದ ಸಾರಾಂಶ. ಲ್ಯಾಬ್ ರೆಕಾರ್ಡ್ ಬರೆಯೋ ಥರ. ಅದರಲ್ಲಿ ಇದ್ದದ್ದು:

– ಎತ್ತರ, ತೂಕ, ಬಿಎಂಐ, ತಾರೀಖಿನ ಸಮೇತ
– ಶುಗರ್, ಎಚ್‌ಬಿಎ1ಸಿ, ಥೈರಾಯ್ಡ್, ಬಿಪಿ ರೀಡಿಂಗ್‌ಗಳು
– ಈಗ ತಗೊಳ್ತಿರೋ ಮಾತ್ರೆಗಳು
– ತೂಕ ಇಳಿಸಲು ಮಾಡಿದ ಪ್ರಯತ್ನ: ಯಾವಾಗ, ಎಷ್ಟು ದಿನ, ಎಷ್ಟು ಇಳೀತು, ಎಷ್ಟು ವಾಪಸ್ ಬಂತು
– ಗೊರಕೆ, ಉಸಿರು ನಿಲ್ಲೋದು, ಹಗಲು ತೂಕಡಿಕೆ, ಸೂಜಿ ಚುಚ್ಚಿದ ಘಟನೆ

ನಾಲ್ಕನೇದು, ಪ್ರಶ್ನೆ ಬದಲಾಯಿಸಿದ್ವಿ. ಇಷ್ಟು ದಿನ ಚಿಗವ್ವ ಕೇಳ್ತಿದ್ದದ್ದು, "ಸಾಹೇಬ್ರ, ತೂಕ ಭಾಳ ಆಗೇತಿ, ಏನ್ ಮಾಡ್ಲಿ?" ಇದಕ್ಕೆ ಎರಡು ನಿಮಿಷದಲ್ಲಿ ಬರೋ ಉತ್ತರ "ಕಡಿಮೆ ತಿನ್ನಿ". ಈ ಸಲ ಕೇಳಿದ್ದು, "ಸಾಹೇಬ್ರ, ನನ್ನ ಬಿಎಂಐ 42 ಐತಿ, ಶುಗರ್ ಐತಿ. ಸರ್ಜನ್ ಹತ್ರ ಕಳಸಾಕ ಬರ್ತೈತೋ ಇಲ್ಲೋ? ಇಲ್ಲ ಅಂದ್ರ ಯಾಕ ಅಂತ ಚೀಟಿಯೊಳಗ ಬರದ್ ಕೊಡ್ರಿ." ಡಾಕ್ಟರ್ ಆ ಪುಟ ಓದಿದ್ರು. ಒಂದು ನಿಮಿಷ ಸುಮ್ಮನಿದ್ರು. "ಮೊದಲು ನಿದ್ದೆ ಪರೀಕ್ಷೆ ಮಾಡಿಸ್ರಿ, ಇದು ಕಾಯೋ ವಿಷಯ ಅಲ್ಲ" ಅಂದ್ರು.

ನಿದ್ದೆ ಪರೀಕ್ಷೆಯಲ್ಲಿ ತೀವ್ರ ಸ್ಲೀಪ್ ಅಪ್ನಿಯಾ ಬಂತು. ಅಂದ್ರೆ ಗಂಟಲಿನ ದಾರಿ ಮುಚ್ಚಿಕೊಂಡು ರಾತ್ರಿಯೆಲ್ಲ ಮತ್ತೆ ಮತ್ತೆ ಉಸಿರು ನಿಲ್ಲೋದು. ಮೂಗಿಗೆ ಮಾಸ್ಕ್ ಹಾಕಿ ಗಾಳಿ ಒತ್ತಡ ಕೊಡೋ ಸಿಪ್ಯಾಪ್ ಮಷೀನ್ ಬರೆದುಕೊಟ್ಟರು. ಇದನ್ನ ಜುಲೈನಲ್ಲೇ ಮಾಡಿಸಬಹುದಿತ್ತು. ಸರ್ಜರಿಗೆ ಕಾಯ್ತಾ ಕಾಯ್ತಾ, ಇವತ್ತೇ ಸಿಗಬಹುದಾದ ಚಿಕಿತ್ಸೆಯನ್ನೂ ನಾವು ಬಿಟ್ಟಿದ್ವಿ. ಎಂಟು ತಿಂಗಳಲ್ಲಿ ನಾವು ಮಾಡಿದ ದೊಡ್ಡ ತಪ್ಪು ಇದೇ.

ಬಾಗಲಕೋಟೆಯಲ್ಲಿ ಹೋಳಿಯ ಹಲಗೆ ಸದ್ದು ಶುರುವಾದ ವಾರ ಸರಿಯಾದ ರೆಫರಲ್ ಪತ್ರ ಕೈಗೆ ಬಂತು. ಒಂದೂವರೆ ಪುಟ. ಕಾಕಾ ಅದನ್ನ ಮೂರು ಜೆರಾಕ್ಸ್ ಮಾಡಿಸಿದ್ರು.

ಬಿಪಿಎಲ್ ಕಾರ್ಡ್ ಇರೋ ಮನೆಯವರಿಗೆ

ನಮ್ಮ ದಾರಿ ಇನ್ಶೂರೆನ್ಸ್ ದಾರಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ದಾರಿ ಬೇರೆ. 2018ರಿಂದ ಇರೋ ಈ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30%, ವರ್ಷಕ್ಕೆ 1.5 ಲಕ್ಷದವರೆಗೆ. ಮೊದಲು ಹೋಗಬೇಕಾದದ್ದು ಸರ್ಕಾರಿ ಆಸ್ಪತ್ರೆಗೆ. ಅಲ್ಲಿ ಆಗದ ದೊಡ್ಡ ಚಿಕಿತ್ಸೆಗೆ ಅವರೇ ರೆಫರಲ್ ಕೊಡ್ತಾರೆ, ಅದಿಲ್ಲದೆ ಖಾಸಗಿ ಆಸ್ಪತ್ರೆಯಲ್ಲಿ ಯೋಜನೆ ನಡೆಯಲ್ಲ. ತುರ್ತು ಪಟ್ಟಿಯಲ್ಲಿರೋ ಚಿಕಿತ್ಸೆಗೆ ಮಾತ್ರ ರೆಫರಲ್ ಬೇಡ.

ಆದ್ದರಿಂದ ಮೊದಲ ದಿನವೇ ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರ ಅಂತ ಕೂರೋರ ಹತ್ತಿರ ಹೋಗಿ ಕೇಳಿ: ಈ ಚಿಕಿತ್ಸೆ ಪ್ಯಾಕೇಜ್ ಪಟ್ಟಿಯಲ್ಲಿ ಇದೆಯಾ, ಯಾವ ಹೆಸರಲ್ಲಿ ಇದೆ, ಯಾವ ಆಸ್ಪತ್ರೆಯಲ್ಲಿ ಮಾಡ್ತಾರೆ? ಉತ್ತರ ಇಲ್ಲ ಅಂತ ಬಂದ್ರೂ ಪರವಾಗಿಲ್ಲ. ಜುಲೈನಲ್ಲಿ ಸಿಗೋ "ಇಲ್ಲ" ಅನ್ನೋದು ಮಾರ್ಚ್‌ನಲ್ಲಿ ಸಿಗೋದಕ್ಕಿಂತ ಒಳ್ಳೇದು.

ಕಾಯುವಾಗ

ಕಾಯೋ ದಿನಗಳನ್ನ ಖಾಲಿ ಬಿಡಬೇಡಿ. ಶುಗರ್, ಬಿಪಿ ಮಾತ್ರೆ ತಪ್ಪಿಸಬೇಡಿ. ತಿಂಗಳಿಗೊಮ್ಮೆ ತೂಕ ಬರೆದಿಡಿ, ಆದಷ್ಟು ಒಂದೇ ಮಷೀನ್‌ನಲ್ಲಿ. ಡಯಟೀಷಿಯನ್ ಹತ್ತಿರ ಹೋದ್ರೆ ಚೀಟಿ ಜೋಪಾನ ಮಾಡಿ, ಅದೇ ನಾಳೆ ಪುರಾವೆ. ತಂಬಾಕು ಬಿಡಿ, ಸರ್ಜನ್ ಹೇಗಿದ್ರೂ ಬಿಡಿಸ್ತಾರೆ. ಹದಿನೈದು ದಿನದಲ್ಲಿ ಹದಿನೈದು ಕೆಜಿ ಅನ್ನೋ ಪುಡಿ, ಕಷಾಯದ ಜಾಹೀರಾತಿಗೆ ಹೋಗಬೇಡಿ. 2025ರಿಂದ ವಾರಕ್ಕೊಮ್ಮೆ ಚುಚ್ಚೋ ಮೌಂಜಾರೊ, ವೆಗೋವಿ ಇಂಜೆಕ್ಷನ್‌ಗಳು ನಮ್ಮ ದೇಶದಲ್ಲೂ ಸಿಗ್ತಿವೆ. ಕೆಲವರಿಗೆ ಅದೇ ಸರಿಯಾದ ದಾರಿ ಇರಬಹುದು, ಆದರೆ ಡಾಕ್ಟರ್ ಚೀಟಿ ಇಲ್ಲದೆ ಗೆಳೆಯರ ಮಾತು ಕೇಳಿ ತಗೊಳ್ಳೋದಲ್ಲ. ಸುಮ್ಮನೆ ಕೂತಾಗಲೂ ಏದುಸಿರು, ಎದೆನೋವು ಬಂದ್ರೆ ಕ್ಯೂ ಮರೆತು 108ಕ್ಕೆ ಫೋನ್ ಮಾಡಿ.

ಸರ್ಜನ್ ನೋಡಿದ ಮೇಲೂ ಕೆಲಸ ಇದೆ. ಎಂಡೋಸ್ಕೋಪಿ, ಸ್ಕ್ಯಾನಿಂಗ್, ಇಸಿಜಿ, ಡಯಟೀಷಿಯನ್, ಮನೋವೈದ್ಯರ ಜೊತೆ ಮಾತು. ಇವು ತಡ ಮಾಡೋಕಲ್ಲ, ಅಪಾಯ ಕಡಿಮೆ ಮಾಡೋಕೆ. ಆಸ್ಪತ್ರೆಯಿಂದ ಕ್ಯಾಶ್‌ಲೆಸ್ ಅರ್ಜಿ ಹೋದ ಮೇಲೆ ಒಂದು ಗಂಟೆಯೊಳಗೆ ಕಂಪನಿ ತೀರ್ಮಾನ ಹೇಳಬೇಕು ಅಂತ ಐಆರ್‌ಡಿಎಐ 2024ರಲ್ಲಿ ಹೇಳಿದೆ. ತಿರಸ್ಕರಿಸಿದ್ರೆ ಕಾರಣ ಬರಹದಲ್ಲಿ ಕೇಳಿ. ಕಂಪನಿಯಲ್ಲಿ ಬಗೆಹರಿಯದಿದ್ರೆ ಬಿಮಾ ಭರೋಸಾ ಪೋರ್ಟಲ್ ಇದೆ, ಇನ್ಶೂರೆನ್ಸ್ ಒಂಬುಡ್ಸ್‌ಮನ್ ಇದ್ದಾರೆ.

ಚಿಗವ್ವನ ಆಪರೇಷನ್ ಇನ್ನೂ ಆಗಿಲ್ಲ. ಪರೀಕ್ಷೆಗಳು ನಡೀತಿವೆ, ನಮ್ಮ ಎಕ್ಸಾಮ್ ಮುಗಿಯೋ ಹೊತ್ತಿಗೆ ದಿನಾಂಕ ಸಿಗಬಹುದು. ಅವಳಿಗೆ ಈಗಲೂ ಭಯ ಇದೆ, ಬೇಡ ಅಂದ್ರೂ ಅನ್ನಬಹುದು, ಅದು ಅವಳ ತೀರ್ಮಾನ. ಆದರೆ ಸಿಪ್ಯಾಪ್ ಹಾಕಿಕೊಂಡು ಮಲಗೋಕೆ ಶುರು ಮಾಡಿದ ಮೇಲೆ ಹಗಲು ತೂಕಡಿಕೆ ಕಡಿಮೆ ಆಗಿದೆ. ಮೊನ್ನೆ ಫೋನ್‌ನಲ್ಲಿ ಕಾಕಾ, "ಎಂಟ್ ತಾಸ ಮಲಗಿದ್ನಿ ನೋಡಪಾ, ಎಷ್ಟ್ ವರ್ಷ ಆಗಿತ್ತು" ಅಂದ್ರು.

ಗೆಳೆಯರೇ, ನಮ್ಮ ಮನೆಗಳಲ್ಲಿ ಇಂಗ್ಲಿಷ್ ಫಾರ್ಮ್ ಓದೋರು, ಪಿಡಿಎಫ್ ತೆಗೆಯೋರು ಹೆಚ್ಚಾಗಿ ನಾವೇ. ಈ ಸಲ ರಜೆಗೆ ಊರಿಗೆ ಹೋದಾಗ ಒಂದು ಪ್ಲಾಸ್ಟಿಕ್ ಫೈಲ್ ತಗೊಂಡು ಹೋಗಿ. ಮನೆಯವರ ಚೀಟಿ, ರಿಪೋರ್ಟ್, ಪಾಲಿಸಿ ಎಲ್ಲಾ ತಾರೀಖಿನ ಪ್ರಕಾರ ಜೋಡಿಸಿಡಿ. ಅರ್ಧ ದಿನದ ಕೆಲಸ. ನಾನು ಅದನ್ನ ಜುಲೈನಲ್ಲೇ ಮಾಡಬೇಕಿತ್ತು.